ಏಕಾಗ್ರತೆ: ಅರ್ಧ ಕೆಲಸ ಕೂರುವ ಮೊದಲೇ

ಪುಸ್ತಕದ ಎರಡು ಪುಟ ಮುಗಿದಿರುತ್ತದೆ. ಕಣ್ಣು ಪ್ರತಿ ಸಾಲನ್ನೂ ಮುಟ್ಟಿರುತ್ತದೆ. ಏನು ಓದಿದೆ ಎಂದು ಕೇಳಿಕೊಂಡರೆ ಮಾತ್ರ ಉತ್ತರವಿಲ್ಲ. ಆಗ ಹೆಚ್ಚಿನವರು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ, ನಾಳೆಯಿಂದ ಹಟ ಹಿಡಿದು ಕೂರುತ್ತೇನೆ ಎಂದು ಶಪಥ ಮಾಡುತ್ತಾರೆ. ಎರಡರಿಂದಲೂ ದೊಡ್ಡ ಪ್ರಯೋಜನವಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 2,250 ವಯಸ್ಕರಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನ್‌ ಮೂಲಕ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ’ ಎಂದು ಅವರು ಕೇಳುತ್ತಿದ್ದರು. ಸುಮಾರು ಶೇ 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲೇ ಇಲ್ಲ.

ಮನಸ್ಸು ಅಲೆಯುವುದು ಇಷ್ಟು ಸಾಮಾನ್ಯವಾಗಿರುವಾಗ ಅದನ್ನು ಕಟ್ಟಿಹಾಕಲು ಹೋಗುವುದು ವ್ಯರ್ಥ. ಅದು ಹೊರಗೆ ಹೋಗುವ ದಾರಿಗಳನ್ನು ಕಡಿಮೆ ಮಾಡಬಹುದು, ಹೋದಾಗ ಬೇಗ ಹಿಂದಿರುಗುವಂತೆ ಗುರುತು ಇಟ್ಟುಕೊಳ್ಳಬಹುದು. ಈ ಸಿದ್ಧತೆಯ ಬಹುಪಾಲು ಕೆಲಸಕ್ಕೆ ಕೂರುವ ಮೊದಲೇ ಆಗಬೇಕು. ಅಂದಹಾಗೆ, ಮನುಷ್ಯನ ಗಮನ ಈಗ ಎಂಟೇ ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಶ್‌ಗಿಂತಲೂ ಕಡೆಯಾದೆವು ಎಂಬ ಮಾತನ್ನು ನೀವೂ ಕೇಳಿರಬಹುದು. ಅದಕ್ಕೆ ಆಧಾರವಿಲ್ಲ. ಇಷ್ಟವಾದ ಸಿನಿಮಾವನ್ನು ಎರಡೂವರೆ ಗಂಟೆ ಕೂತು ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 1: ಫೋನನ್ನು ಬೇರೆ ಕೋಣೆಯಲ್ಲಿಡಿ

ಸೈಲೆಂಟ್‌ಗೆ ಹಾಕಿ ಮಗುಚಿ ಇಟ್ಟರೆ ಸಾಕು ಎಂದುಕೊಳ್ಳುತ್ತೇವೆ. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಫೋನ್ ಬೇರೆ ಕೋಣೆಯಲ್ಲಿದ್ದವರು, ಅದು ಮೇಜಿನ ಮೇಲಿದ್ದವರಿಗಿಂತ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಮೇಜಿನ ಮೇಲಿದ್ದ ಫೋನು ಸದ್ದು ಮಾಡಿರಲಿಲ್ಲ, ಅದರ ಪರದೆಯೂ ಬೆಳಗಿರಲಿಲ್ಲ. ಮುಂದೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಬೇರೆ ಕೋಣೆಯ ಸಲಹೆಯನ್ನು ನಾನು ಮೊದಲನೆಯದಾಗಿಯೇ ಇಡುತ್ತೇನೆ. ಕಾರಣ ತೀರ ಸರಳ: ಎದ್ದು ಹೋಗಿ ತರಬೇಕಾದ ವಸ್ತುವನ್ನು ಕೈ ತನಗೆ ತಾನೇ ಎತ್ತಿಕೊಳ್ಳಲಾರದು.

ಫೋನಿನಲ್ಲೇ ಕೆಲಸ ಮಾಡಬೇಕಾದವರು ನೋಟಿಫಿಕೇಶನ್‌ಗಳನ್ನಾದರೂ ಕತ್ತರಿಸಬೇಕು. ಮನುಷ್ಯರು ನೇರವಾಗಿ ನಿಮಗೇ ಕಳಿಸುವ ಕರೆ, ಸಂದೇಶ ಇರಲಿ. ಆ್ಯಪ್‌ಗಳು ತಾವಾಗಿ ಕಳಿಸುವ ನೆನಪೋಲೆ, ಆಫರ್, ‘ನಿಮಗಾಗಿ ಆರಿಸಿದ ವಿಡಿಯೊ’ ಎಲ್ಲವನ್ನೂ ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದಾಗಿ ಆಫ್ ಮಾಡಿ. ಬೇಸರದ ಕೆಲಸ ನಿಜ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಮನೆಯವರ ತುರ್ತು ಕರೆ ತಪ್ಪಿಹೋದೀತು ಎಂಬ ಆತಂಕವಿದ್ದರೆ ‘ಡು ನಾಟ್ ಡಿಸ್ಟರ್ಬ್’ನಲ್ಲಿ ಆ ಕೆಲವು ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡಬಹುದು. ಈ ಆತಂಕ ಉಳಿದುಬಿಟ್ಟರೆ ಫೋನ್ ಎಷ್ಟು ದೂರವಿದ್ದರೂ ಗಮನ ಅದರ ಹತ್ತಿರವೇ ಇರುತ್ತದೆ.

ಕಂಪ್ಯೂಟರಿನಲ್ಲೂ ಅಷ್ಟೇ. ಪರದೆಯ ಮುಂದೆ ಕೂತವರು ಅದರಲ್ಲಿ ತೆರೆದ ಒಂದು ವಿಂಡೊದ ಮೇಲೆ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ವರ್ಷಗಟ್ಟಲೆ ಅಳೆದಿದ್ದಾರೆ. 2004ರಲ್ಲಿ ಎರಡೂವರೆ ನಿಮಿಷದಷ್ಟಿದ್ದದ್ದು ಇತ್ತೀಚಿನ ವರ್ಷಗಳಲ್ಲಿ 47 ಸೆಕೆಂಡಿನ ಆಸುಪಾಸಿಗೆ ಇಳಿದಿದೆ. ಬೇಕಾದ ಒಂದು ಟ್ಯಾಬ್ ಉಳಿಸಿಕೊಂಡು ಉಳಿದವನ್ನು ಮುಚ್ಚಿ ಕೂರಿ.

ಹೆಜ್ಜೆ 2: ಮಾಡಬೇಕಾದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಪರೀಕ್ಷೆಗೆ ಓದಬೇಕು’ ಎಂದು ಬರೆದರೆ ಅದು ಆಸೆಯ ಮಾತಾಯಿತು. ‘ಮೂರನೇ ಅಧ್ಯಾಯದ ಮೊದಲ ಹತ್ತು ಲೆಕ್ಕ ಮಾಡಬೇಕು’ ಎಂದರೆ ಎಲ್ಲಿ ಶುರು, ಎಲ್ಲಿ ಮುಗಿತಾಯ ಎರಡೂ ಗೊತ್ತಾಗುತ್ತವೆ. ಮನಸ್ಸು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಮುಂದೇನು ಮಾಡಬೇಕೆಂದು ತೋಚದ ಗಳಿಗೆಯಲ್ಲಿ. ಈ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಡಿ, ಅದರಲ್ಲಿ ಕ್ರಿಯಾಪದ ಇರಲಿ: ಬರೆ, ಎಣಿಸು, ಹೋಲಿಸು, ತಿದ್ದು.

ಹೆಜ್ಜೆ 3: ತಲೆಯೊಳಗಿನ ಗಲಾಟೆಯನ್ನು ಕಾಗದಕ್ಕೆ ಇಳಿಸಿ

ಹೊರಗಿನ ಸದ್ದಿಗಿಂತ ಒಳಗಿನದು ಹೆಚ್ಚು ಕಾಡುತ್ತದೆ. ಕಟ್ಟದ ಬಿಲ್ಲು, ಉತ್ತರಿಸದ ಮೇಲ್, ನಾಳೆಯ ಪ್ರಯಾಣ, ಎಲ್ಲವೂ ನೀವು ಕೂತ ಕೂಡಲೇ ಸಾಲಾಗಿ ಬಂದು ನಿಲ್ಲುತ್ತವೆ. ಅರ್ಧಕ್ಕೆ ನಿಂತ ಕೆಲಸಗಳು ಮುಗಿದವುಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಅವರ ಫಲಿತಾಂಶದ ಬಗ್ಗೆ ಈಗಲೂ ವಾದಗಳಿವೆ. ದಿನನಿತ್ಯಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು 2011ರಲ್ಲಿ ಮನೋವಿಜ್ಞಾನಿಗಳಾದ ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ತೋರಿಸಿದ ಸಂಗತಿ: ಬಾಕಿ ಕೆಲಸ ಮನಸ್ಸಿನಿಂದ ಇಳಿಯಲು ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ, ಹೇಗೆ ಮಾಡುತ್ತೇನೆಂದು ಖಚಿತವಾಗಿ ಯೋಜಿಸಿದರೂ ಅದು ಬಂದು ಕಾಡುವುದು ಕಡಿಮೆಯಾಗುತ್ತದೆ.

ಪಕ್ಕದಲ್ಲಿ ಒಂದು ಹಾಳೆ ಇರಲಿ. ಕೂರುವ ಮುನ್ನ ಐದು ನಿಮಿಷ ತಲೆಯಲ್ಲಿರುವುದನ್ನೆಲ್ಲ ಬರೆಯಿರಿ, ಪ್ರತಿಯೊಂದರ ಮುಂದೆ ಹೊತ್ತು ಹಾಕಿ: ‘ಬಿಲ್ಲು, ಸಂಜೆ ಆರಕ್ಕೆ’. ನಡುವೆ ಹೊಸದೇನಾದರೂ ಹೊಳೆದರೆ ಅದೂ ಅದೇ ಹಾಳೆಗೆ. ಅದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಲು ಹೋದರೆ ಮೊದಲ ಹೆಜ್ಜೆ ವ್ಯರ್ಥವಾದಂತೆ.

ಹೆಜ್ಜೆ 4: ನಿಮ್ಮ ಅಳತೆಯ ಹೊತ್ತು ಕಂಡುಕೊಳ್ಳಿ

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ಈಗ ಎಲ್ಲರ ಬಾಯಲ್ಲಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರುಮಾಡಿದ್ದು ಇದು. ಆ 25ರಲ್ಲಿ ಮಂತ್ರವೇನಿಲ್ಲ. ಓದು ಹಳಿ ಹತ್ತುವ ಹೊತ್ತಿಗೇ ಗಂಟೆ ಬಾರಿಸಿದರೆ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ಶುರುಮಾಡಲು ಸೋಮಾರಿತನವಿರುವ ದಿನ 15 ನಿಮಿಷ ಸಾಕು. ಕೆಲಸ ಹಿಡಿತಕ್ಕೆ ಬಂದ ದಿನ 50 ಆಗಲಿ.

ಬಿಡುವು ಏಕೆ ಬೇಕೆನ್ನುವುದಕ್ಕೆ ಮಾತ್ರ ಹಳೆಯ, ಗಟ್ಟಿ ಆಧಾರವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ನೋಡುತ್ತ ಕೂತವರು ಕಣ್ಣೆದುರಿನ ಗುರುತುಗಳನ್ನೇ ಕಾಣದೆ ಬಿಡುತ್ತಿದ್ದರು. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ತಿಳಿಯಲು ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತ ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತಿತ್ತು. ಅದನ್ನು ಗುರುತಿಸುವುದಷ್ಟೇ ಕೆಲಸ. 1948ರಲ್ಲಿ ಅವರು ಪ್ರಕಟಿಸಿದಂತೆ, ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ತಪ್ಪುಗಳು ಏರಿದವು. ಒಂದೇ ಬಗೆಯ, ಏಕತಾನದ ಕೆಲಸಕ್ಕೆ ಈ ಅರ್ಧ ಗಂಟೆಯ ಗಡಿ ನೆನಪಿರಲಿ: ಪ್ರೂಫ್ ನೋಡುವುದು, ಲೆಕ್ಕ ತಾಳೆ ಹಾಕುವುದು, ಅಂಕಿಗಳನ್ನು ಟೈಪ್ ಮಾಡುವುದು. ಬಿಡುವಿನಲ್ಲಿ ಎದ್ದು ಓಡಾಡಿ, ಕಿಟಕಿಯಾಚೆ ನೋಡಿ, ನೀರು ಕುಡಿಯಿರಿ. ರೀಲ್ಸ್ ನೋಡುವುದು ಬಿಡುವಲ್ಲ, ಗಮನಕ್ಕೆ ಅದು ಇನ್ನೊಂದು ಪಾಳಿ.

ಹೆಜ್ಜೆ 5: ಏಳುವ ಮುನ್ನ ಗುರುತು ಬಿಡಿ

ಇಡೀ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಬಾಗಿಲು ತಟ್ಟುತ್ತಾರೆ, ಮೇಲಧಿಕಾರಿ ಕರೆಯುತ್ತಾರೆ, ಮಗು ಅಳುತ್ತದೆ. ಇವನ್ನೆಲ್ಲ ತಡೆಯುವ ಉಪಾಯ ಯಾರ ಬಳಿಯೂ ಇಲ್ಲ. ನಷ್ಟವಾಗುವುದು ಎದ್ದುಹೋದ ಐದು ನಿಮಿಷದಿಂದಲ್ಲ, ವಾಪಸು ಬಂದ ಮೇಲೆ ‘ಎಲ್ಲಿದ್ದೆ ನಾನು’ ಎಂದು ಹುಡುಕುವ ಹೊತ್ತಿನಿಂದ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಹಿಂದಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಈ ಉಳಿಕೆ ಹೆಚ್ಚು. ಮುಂದೆ ಅವರೇ ಇದಕ್ಕೊಂದು ಪರಿಹಾರವನ್ನೂ ಪರೀಕ್ಷಿಸಿದರು: ಏಳುವ ಮುನ್ನ, ಎಲ್ಲಿದ್ದೇನೆ, ಬಂದ ಮೇಲೆ ಮೊದಲು ಏನು ಮಾಡುತ್ತೇನೆ ಎಂದು ಬರೆದಿಡುವುದು. ಹಾಗೆ ಬರೆದವರು ನಡುವೆ ಬಂದ ಕೆಲಸವನ್ನೂ ಚೆನ್ನಾಗಿ ಮಾಡಿದರು.

ಅಭ್ಯಾಸವಾದರೆ ಇದಕ್ಕೆ ಅರ್ಧ ನಿಮಿಷವೂ ಬೇಡ. ‘ಎರಡನೇ ಪ್ಯಾರಾ ಮುಗಿದಿದೆ, ಮುಂದೆ ಖರ್ಚಿನ ಕೋಷ್ಟಕ’, ಇಷ್ಟೇ. ಕರೆದವರಿಗೆ ‘ಒಂದು ನಿಮಿಷ, ಈ ಸಾಲು ಬರೆದು ಬಂದೆ’ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ದಿನದ ಕೆಲಸ ಮುಗಿಸುವಾಗಲೂ ಹೀಗೆಯೇ ಮಾಡಿ. ಬೆಳಿಗ್ಗೆ ಎಲ್ಲಿಂದ ಶುರುಮಾಡಲಿ ಎಂದು ಅರ್ಧ ಗಂಟೆ ಮೇಲ್ ನೋಡುತ್ತ ಕೂರುವುದು ತಪ್ಪುತ್ತದೆ.

ಯಾರೂ ಕರೆಯದೆ ಮನಸ್ಸೇ ಎದ್ದುಹೋದರೆ? ಹೋದದ್ದು ಗೊತ್ತಾದ ಗಳಿಗೆಯಲ್ಲಿ ಚೀಟಿಯ ವಾಕ್ಯವನ್ನು ಮತ್ತೊಮ್ಮೆ ಓದಿ, ಕೆಲಸಕ್ಕೆ ಮರಳಿ. ಬೈದುಕೊಳ್ಳಲು ನಿಂತರೆ ಅದೇ ಇನ್ನೊಂದು ಅಲೆದಾಟ. ಉಸಿರೆಣಿಸುವ ಧ್ಯಾನ ಮಾಡುವವರು ಇದನ್ನೇ ಅಭ್ಯಾಸ ಮಾಡುತ್ತಿರುತ್ತಾರೆ: ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಎಣಿಸುತ್ತಾರೆ. ‘ಮೆದುಳಿಗೆ ಕಸರತ್ತು’ ಎಂದು ಮಾರುವ ಗೇಮ್ ಆ್ಯಪ್‌ಗಳಿಗೆ ದುಡ್ಡು ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವುಗಳಿಂದ ಮುಖ್ಯವಾಗಿ ಸುಧಾರಿಸುವುದು ಆ ಆಟ ಆಡುವ ಚಳಕ.

ಹೆಜ್ಜೆ 6: ಸದ್ದು, ನಿದ್ದೆ

ಓದುವಾಗ, ಬರೆಯುವಾಗ ಹೆಚ್ಚು ತೊಂದರೆ ಕೊಡುವುದು ಅರ್ಥವಾಗುವ ಮಾತು. ಫ್ಯಾನಿನ ಗುಂಯ್‌ಗುಡುವಿಕೆ ಪರವಾಗಿಲ್ಲ, ಪಕ್ಕದವರ ಫೋನ್ ಸಂಭಾಷಣೆ ಕೆಡಿಸುತ್ತದೆ. ಹಾಡು ಹಾಕಲೇಬೇಕಿದ್ದರೆ ಸಾಹಿತ್ಯವಿಲ್ಲದ್ದು ಹಾಕಿ.

ನಿದ್ದೆಯ ಬಗ್ಗೆ ಒಂದು ಅಧ್ಯಯನ ಸಾಕು. 2003ರಲ್ಲಿ ನಿದ್ದೆಯ ಸಂಶೋಧಕ ಹ್ಯಾನ್ಸ್ ವ್ಯಾನ್ ಡೋಂಗೆನ್ ಮತ್ತು ಸಂಗಡಿಗರು ಕೆಲವರನ್ನು ಎರಡು ವಾರ ರಾತ್ರಿಗೆ ಆರೇ ಗಂಟೆ ಮಲಗಲು ಬಿಟ್ಟರು. ಕೊನೆಗೆ ಅವರ ಗಮನ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಅವರಿಗೆ ಮಾತ್ರ ತಾವು ಅಷ್ಟು ಮಂಕಾಗಿದ್ದೇವೆ ಎನಿಸಿರಲಿಲ್ಲ! ‘ನನಗೆ ಆರು ಗಂಟೆ ಸಾಕು’ ಎನ್ನುವವರು ಇದನ್ನು ಗಮನಿಸಬೇಕು. ಕಾಫಿ, ಟೀ ಈ ಕೊರತೆ ತುಂಬುವುದಿಲ್ಲ. ಕುಡಿದ ಕೆಫೀನಿನ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆ ಕುಡಿದದ್ದು ರಾತ್ರಿಯ ನಿದ್ದೆಗೇ ಕೈಹಾಕುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ

ಕೆಲವು ವಾರ ಇದನ್ನೆಲ್ಲ ಮಾಡಿಯೂ ಏನೂ ಬದಲಾಗದಿದ್ದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ, ರಾತ್ರಿ ಉಸಿರುಕಟ್ಟುವ ಗೊರಕೆ ಎಲ್ಲವೂ ಗಮನವನ್ನು ಕುಗ್ಗಿಸುತ್ತವೆ. ನೆಗಡಿ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳೂ ಮಂಪರು ತರುತ್ತವೆ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವವರಲ್ಲಿ ಲಕ್ಷಣಗಳು 12 ವರ್ಷದೊಳಗೇ ಶುರುವಾಗಿರುತ್ತವೆ, ಮನೆ, ಶಾಲೆ, ಕಚೇರಿ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತವೆ. ವಿಡಿಯೊ ನೋಡಿ ತಾವೇ ಹೆಸರಿಟ್ಟುಕೊಳ್ಳುವ ವಿಷಯ ಅದಲ್ಲ. ಹೋಗುವಾಗ ಮೂರು ವಿವರ ಬರೆದುಕೊಂಡು ಹೋಗಿ: ತೊಂದರೆ ಎಂದಿನಿಂದ ಇದೆ, ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ವೈದ್ಯರು ಮೊದಲು ಕೇಳುವುದು ಇವನ್ನೇ.