ಕಾರ್ಡು ಅವ್ವನ ಪೆಟ್ಟಿಗೆಯಲ್ಲಿ, ಕಾಯಿಲೆ ಕೊಡಗಿನಲ್ಲಿ: ಹೊಸದಾಗಿ ಬಂದ ಕುಟುಂಬಗಳಿಗೆ

ಕಾಫಿ ಕೊಯ್ಲಿಗೆ ಬಂದು ಲೈನ್‌ಮನೆಯಲ್ಲಿ ಇಳಿದವರನ್ನು ನಮ್ಮ ಕನ್ನಡ ಸಂಘದವರು ಮೊದಲು ಕೇಳುವುದು, ಊಟ ಆಯ್ತಾ ಅಂತ. ಆಮೇಲೆ ಕೇಳುವುದು, ರೇಷನ್ ಕಾರ್ಡು ಎಲ್ಲಿದೆ ಅಂತ. ಬಹಳಷ್ಟು ಜನರ ಉತ್ತರ ಒಂದೇ: ‘ಊರಾಗ ಐತ್ರಿ, ಅವ್ವನ ಪೆಟ್ಟಿಗ್ಯಾಗ.’

ಅದು ಅಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೂರು ವರ್ಷದ ಹಿಂದೆ ಮೆಣಸಿನ ಕೊಯ್ಲಿನಲ್ಲಿ ಪಕ್ಕದ ತೋಟದ ಹುಡುಗನೊಬ್ಬ ಏಣಿಯಿಂದ ಬಿದ್ದ. ಸಿಂಧನೂರು ಕಡೆಯವನು. ಗಾಬರಿಯಲ್ಲಿ ನಾವೇ ಜೀಪಿಗೆ ಹಾಕಿಕೊಂಡು ನೇರ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಓಡಿದೆವು. ಕೌಂಟರಿನಲ್ಲಿ ಕಾರ್ಡು ಕೇಳಿದರು. ಊರಿಂದ ವಾಟ್ಸಾಪಿನಲ್ಲಿ ಫೋಟೋ ಬಂತು, ನಂಬರು ಓದಲಾಗಲಿಲ್ಲ. ಹೆಬ್ಬೆಟ್ಟು ಒತ್ತಿಸಿದರೆ ಮೆಷಿನ್ ತೆಗೆದುಕೊಳ್ಳಲಿಲ್ಲ. ಓಟಿಪಿ ಹೋದದ್ದು ಅವನು ಎಂದೋ ಬಿಸಾಡಿದ ಸಿಮ್ಮಿಗೆ. ಕೊನೆಗೆ ಸಾವ್ಕಾರರ ಹತ್ತಿರ ಮುಂಗಡ ತಂದು ಬಿಲ್ಲು ಕಟ್ಟಿದ್ದಾಯಿತು; ಅದು ತೀರಲು ಎರಡು ಕೊಯ್ಲು ಹಿಡಿಯಿತು. ಆ ಮನೆಗೆ ಬಿಪಿಎಲ್ ಕಾರ್ಡು ಇತ್ತು. ಹಕ್ಕು ಇತ್ತು, ಕೈಯಲ್ಲಿ ಇರಲಿಲ್ಲ, ಅಷ್ಟೆ.

ಕಾರ್ಡಿಗೆ ಏನು ಸಿಗುತ್ತದೆ

ಕರ್ನಾಟಕದಲ್ಲಿ 2018ರ ಅಕ್ಟೋಬರ್‌ನಿಂದ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಒಂದಾಗಿ ನಡೆಯುತ್ತಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರಿ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ರಾಯಚೂರಿನ ಕಾರ್ಡು, ಯಾದಗಿರಿಯ ಕಾರ್ಡು, ಪಿರಿಯಾಪಟ್ಟಣದ ಕಾರ್ಡು ಯಾವುದಾದರೂ ಮಡಿಕೇರಿಯಲ್ಲಿ ನಡೆಯುತ್ತದೆ. ‘ನೀವು ಈ ಜಿಲ್ಲೆಯವರಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅಲ್ಲೇ ನಿಂತು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ದಾರಿ ಮಾತ್ರ ಗೊತ್ತಿರಬೇಕು. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮಡಿಕೇರಿಯ ದೊಡ್ಡಾಸ್ಪತ್ರೆ, ಅಂದರೆ ಮೆಡಿಕಲ್ ಕಾಲೇಜಿನದು. ಅಲ್ಲೂ ಆಗದ ಚಿಕಿತ್ಸೆಗೆ ಅವರೇ ರೆಫರಲ್ ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಮೈಸೂರಿಗೋ ಮಂಗಳೂರಿಗೋ ಹೋಗಬಹುದು, ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಯಾಗಿದ್ದರೆ ಮಾತ್ರ. ನೋಂದಾಯಿತ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ; ಡಾಕ್ಟರಿಗಿಂತ ಮೊದಲು ಅವರನ್ನು ಹುಡುಕಿ. ತುರ್ತು ಚಿಕಿತ್ಸೆಗಳದ್ದೇ ಒಂದು ಪಟ್ಟಿ ಇದೆ, ಅವಕ್ಕೆ ಚೀಟಿ ಬೇಡ. ಜೀವ ಹೋಗುವ ಹೊತ್ತಿನಲ್ಲಿ ಚೀಟಿಗೆ ಅಂತ ಯಾರೂ ಅಲೆಯಬೇಡಿ, 108 ಕರೆಯಿರಿ.

ಬೆರಳಿನ ವಿಷಯ ಸಣ್ಣದು ಅಂತ ಅನ್ನಿಸಬಹುದು. ಜನವರಿ ಹೊತ್ತಿಗೆ ಕಾಫಿ ಹಣ್ಣು ಕಿತ್ತು ಕಿತ್ತು ಬೆರಳ ತುದಿಯ ಗೆರೆಯೇ ಸವೆದು, ಕಪ್ಪು ಕರೆ ಕೂತಿರುತ್ತದೆ. ನಿಂಬೆಹಣ್ಣು ಹಾಕಿ ತಿಕ್ಕಿದರೂ ಹೋಗದು. ಅದಕ್ಕೇ ಊರು ಬಿಡುವ ಮೊದಲೇ ಆಧಾರಿಗೆ ಈಗ ಬಳಸುವ ಮೊಬೈಲ್ ನಂಬರು ಸೇರಿಸಿ, ಕಣ್ಣಿನ ಗುರುತೂ ಸರಿಯಿದೆಯೇ ನೋಡಿಸಿ. ರೇಷನ್ ಕಾರ್ಡಿನಲ್ಲಿ ಹೊಸ ಸೊಸೆಯ ಹೆಸರು, ಕೈಗೂಸಿನ ಹೆಸರು ಬಿಟ್ಟುಹೋಗಿರುತ್ತದೆ. ಅದನ್ನೂ ಸೇರಿಸಿಕೊಂಡೇ ಬನ್ನಿ.

ಹೊಟ್ಟೆಯಲ್ಲಿ ಮಗು ಇದ್ದರೆ ಬಂದ ವಾರವೇ ಆಶಾ ಅಕ್ಕನನ್ನು ಕಂಡು ತಾಯಿ ಕಾರ್ಡು ತೋರಿಸಿ, ಇಲ್ಲದಿದ್ದರೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಪುಕ್ಕಟೆ. ಬ್ಯಾಂಕ್ ಖಾತೆಯಿದ್ದವರು ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದಲ್ಲಿ ಸಾವಾದರೆ 2 ಲಕ್ಷ. ಏಣಿ ಹತ್ತುವವರಿಗೆ, ಕಾಡಂಚಿನಲ್ಲಿ ನಡೆಯುವವರಿಗೆ ಇದರಷ್ಟು ಅಗ್ಗದ ವ್ಯವಸ್ಥೆ ಬೇರೆ ಇಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು. ದೊಡ್ಡ ತೋಟದಲ್ಲಿ ಕೆಲಸವಾದರೆ ಇನ್ನೊಂದು ಮಾತು: ಕೂಲಿಯವರ ಆರೋಗ್ಯದ ಏರ್ಪಾಡು ಮಾಡುವುದು ಮಾಲೀಕರ ಹೊಣೆ ಎಂದು 1951ರ ಪ್ಲಾಂಟೇಶನ್ ಕಾಯ್ದೆಯೇ ಹೇಳಿತ್ತು, ಈಗಿನ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ. ಮುಖ ಸಿಂಡರಿಸಿದರೂ ಕೇಳಿ.

ಪಕ್ಕದ ಲೈನಿನವರು

ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರು ನಿಮ್ಮ ಪಕ್ಕದ ಬಾಗಿಲಲ್ಲೇ ಇದ್ದಾರೆ. ಅವರ ಊರಿನ ಆಯುಷ್ಮಾನ್ ಕಾರ್ಡು ಯೋಜನೆಯ ನೋಂದಾಯಿತ ಆಸ್ಪತ್ರೆಗಳಲ್ಲಿ ಇಲ್ಲೂ ನಡೆಯುತ್ತದೆ, ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಹಿಂದಿಯಲ್ಲಿ ಕೇಳಬಹುದು. ಆದರೆ ಸಿಸ್ಟರ್ ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. ನಿಮಗೆ ತಿಳಿಯುತ್ತದೆ. ಜ್ವರ ಎಷ್ಟು ದಿನದಿಂದ ಅಂತ ಹೇಳಲಾಗದೆ ಬರೀ ಮಾತ್ರೆ ತೆಗೆದುಕೊಂಡು ವಾಪಸ್ ಬಂದ ಹೆಣ್ಣುಮಕ್ಕಳನ್ನು ನೋಡಿದ್ದೇವೆ. ಇಲ್ಲಿ ಇಲಿಜ್ವರವೂ ಇರುವುದರಿಂದ ಆ ಒಂದು ಮಾತು ಹೇಳಲೇಬೇಕು. ಜೊತೆಗೆ ಹೋಗಿ.

ಕೇಳಬೇಕಾದದ್ದು

ಯೋಜನೆಗಳಿಗೇನೂ ಬರವಿಲ್ಲ. ಆದರೆ ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕ, ಕಚೇರಿ ತೆರೆಯುವುದು ಕೆಲಸದ ದಿನ. ಒಂದು ಕಾರ್ಡಿಗೆ ಮೂರು ದಿನ ಅಲೆದರೆ ಮೂರು ದಿನದ ಗಂಜಿ ಹೋಯಿತು. ಹಾಗಾಗಿ ‘ನಮಗೆ ಆರೋಗ್ಯ ಸೌಲಭ್ಯ ಕೊಡಿ’ ಎಂದು ಅರ್ಜಿಯಲ್ಲಿ ಮೊಗಮ್ಮಾಗಿ ಬರೆಯಬೇಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಲೈನ್‌ಗಳಲ್ಲೇ ಭಾನುವಾರ ಆಯುಷ್ಮಾನ್ ಕಾರ್ಡು ಕ್ಯಾಂಪ್ ಮಾಡಿ, ಕಣ್ಣಿನ ಗುರುತು ತೆಗೆಯುವ ಮೆಷಿನ್ ತನ್ನಿ, ರಾತ್ರಿ ಡ್ಯೂಟಿಗೆ ಡಾಕ್ಟರನ್ನು ಹಾಕಿ ಎಂದು ಬಿಡಿಬಿಡಿಯಾಗಿ ಬರೆಯಿರಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಇಲ್ಲಿ ಹೆಸರಿಲ್ಲದವರ ಮಾತಿಗೆ ಅಲ್ಲಿ ಬೆಲೆ ಕಡಿಮೆ, ಇದ್ದದ್ದು ಇದ್ದಂತೆ ಹೇಳುತ್ತೇವೆ. ಆದ್ದರಿಂದ ಲೈನಿನವರೆಲ್ಲ ಸಹಿ, ಹೆಬ್ಬೆಟ್ಟು ಹಾಕಿ ಅರ್ಜಿಯನ್ನು ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಡಿ. ಬರೆದುಕೊಡಲು ಸಂಘದವರು ಬರುತ್ತೇವೆ. ಸೋಮವಾರಪೇಟೆಯಲ್ಲಿ ಸೋಮವಾರ, ಶನಿವಾರಸಂತೆಯಲ್ಲಿ ಶನಿವಾರ, ಸಂತೆಗೆ ಬಂದಾಗಲೇ ಸಿಗಬಹುದು. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ನಮ್ಮ ಅರ್ಜಿ ಏನಾಯಿತು ಎಂದು ಕೇಳೋಣ. 30 ದಿನದಲ್ಲಿ ಹೇಳಲೇಬೇಕು. ಬಿಪಿಎಲ್‌ನವರಿಗೆ ಆ ಶುಲ್ಕವೂ ಇಲ್ಲ.

ಅರ್ಜಿ ಕೊಟ್ಟ ಮೇಲೆ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಆ ನಕಲನ್ನು ಊರಿನ ಪೆಟ್ಟಿಗೆಗೆ ಕಳಿಸಬೇಡಿ, ಲೈನ್‌ಮನೆಯಲ್ಲೇ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಜೂನ್ ಮಳೆಗೆ ಗೋಡೆ ಒಸರುತ್ತದೆ.