ಅಂಗಡಿಯನ್ನು ಕೇಳದೆ ಡೊಮೈನ್ ಹೆಸರು ಹುಡುಕುವ ನನ್ನ ಕ್ರಮ

ಚಿಕ್ಕಮಗಳೂರಿನಲ್ಲಿ ಕಾಫಿ ತೋಟದವರಿಗೆ, ಹೋಮ್‌ಸ್ಟೇ ನಡೆಸುವವರಿಗೆ ಜಾಲತಾಣ ಮಾಡಿಕೊಡುವುದು ನನ್ನ ಕಸುಬು. ಇದರಲ್ಲಿ ನನಗೆ ಹೆಚ್ಚು ತಲೆಬಿಸಿ ತರುವುದು ಊರಿನ ಹೆಸರೇ. 2014ರ ನವೆಂಬರ್ 1ರಂದು ಸರ್ಕಾರ ಅದರ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿತು. ಪ್ರವಾಸಿಗರು ಇಂದಿಗೂ ಹಳೆಯದನ್ನೇ ಒತ್ತುತ್ತಾರೆ. ಕೆ ಒಂದೋ ಎರಡೋ, ಕೊನೆಗೆ ಯು ಬೇಕೋ ಬೇಡವೋ, ‘ತೋಟ’ಕ್ಕೆ ಟಿ ಆದ ಮೇಲೆ ಎಚ್ ಹಾಕಬೇಕೋ ಬಿಡಬೇಕೋ ಎಂದು ಲೆಕ್ಕ ಹಾಕುತ್ತಾ ಹೋದರೆ ಒಂದೇ ತೋಟದ ಹೆಸರು ಒಂದು ಪುಟದಷ್ಟು ಆಗುತ್ತದೆ.

ಈ ಪುಟವನ್ನೆಲ್ಲ ಡೊಮೈನ್, ಅಂದರೆ ಜಾಲತಾಣದ ವಿಳಾಸ ಮಾರುವ ಅಂಗಡಿಗಳ ಹುಡುಕಾಟದ ಪೆಟ್ಟಿಗೆಗೆ ಸುರಿಯಲು ನನಗೆ ಮನಸ್ಸಿಲ್ಲ. 2008ರ ಜನವರಿಯಲ್ಲಿ ಅಮೆರಿಕದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ, ತನ್ನ ತಾಣದಲ್ಲಿ ಜನ ಹುಡುಕಿದ ಹೆಸರುಗಳನ್ನು ನಾಲ್ಕು ದಿನ ತಾನೇ ಕಾಯ್ದಿರಿಸಿಕೊಳ್ಳುತ್ತಿತ್ತು. ಆ ಅವಧಿಯಲ್ಲಿ ಬೇರೆ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ನೋಂದಾಯಿಸಿ ಐದು ದಿನದೊಳಗೆ ರದ್ದು ಮಾಡಿದರೆ ಶುಲ್ಕ ಮರಳುವ ನಿಯಮವಿದ್ದುದರಿಂದ ಇದು ಸಾಧ್ಯವಾಯಿತು. 2009ರಲ್ಲಿ, ಡೊಮೈನ್ ಹೆಸರುಗಳ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್ ಆ ರಿಯಾಯಿತಿಗೆ ಮಿತಿ ಹಾಕಿತು. ಈಗಲೂ ಎಲ್ಲರೂ ಹಾಗೆ ಮಾಡುತ್ತಾರೆ ಎನ್ನಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಗಿರಾಕಿಯ ಯೋಜನೆಯನ್ನು ಮೂರನೆಯವರ ದಾಖಲೆಯಲ್ಲಿ ಬಿಟ್ಟುಬರುವ ಅಗತ್ಯವಾದರೂ ಏನು? ಜಮೀನಿನ ಪಹಣಿ ನೋಡಬೇಕಾದವರು ದಲ್ಲಾಳಿಯನ್ನು ಬಿಟ್ಟು ನಾಡಕಚೇರಿಗೆ ಹೋಗುವಂತೆ, ನಾನು ನೇರವಾಗಿ ಮೂಲ ನೋಂದಣಿ ಸಂಸ್ಥೆಯನ್ನೇ ಕೇಳುತ್ತೇನೆ. ಡಾಟ್ ಕಾಮ್‌ಗೆ ಅದು ವೆರಿಸೈನ್, ಡಾಟ್ ಇನ್‌ಗೆ ನಮ್ಮ ನಿಕ್ಸಿ.

ಹೆಸರು ನೋಂದಣಿಯಾಗಿದೆಯೇ ಎಂದು ಕೇಳಲು ಮೊದಲು ಹೂಈಸ್ ಎಂಬ ಆದೇಶವನ್ನೇ ಬಳಸುತ್ತಿದ್ದೆ. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ. ತೊಡಕೆಂದರೆ ಅದು 43ನೇ ಪೋರ್ಟ್‌ನಲ್ಲಿ ಯಾವ ಗೂಢಲಿಪಿಯೂ ಇಲ್ಲದೆ ಹೋಗುತ್ತದೆ. ಕೇಳಿದ ಹೆಸರನ್ನು ಇಂಟರ್ನೆಟ್ ಒದಗಿಸುವವರು ಬೇಕಾದರೆ ಓದಿಕೊಳ್ಳಬಹುದು. ಈಗ ಅದರ ಜಾಗಕ್ಕೆ, ಅದೇ ಮಾಹಿತಿ ಕೊಡುವ ಆರ್‌ಡಿಎಪಿ ಎಂಬ ಹೊಸ ವಿಧಾನ ಬಂದಿದೆ. 2025ರ ಜನವರಿ 28ರಿಂದ ಡಾಟ್ ಕಾಮ್‌ನಂತಹ ಸಾಮಾನ್ಯ ವಿಸ್ತರಣೆಗಳಿಗೆ ಹೂಈಸ್ ಸೇವೆ ಕೊಡಬೇಕೆಂಬ ಕಡ್ಡಾಯವೂ ಹೋಯಿತು. ಆರ್‌ಡಿಎಪಿ ಗೂಢಲಿಪಿಯಿರುವ ಎಚ್‌ಟಿಟಿಪಿಎಸ್ ಮೇಲೆ ನಡೆಯುತ್ತದೆ. ನಾನು ವೆರಿಸೈನ್ ಸರ್ವರ್ ಜೊತೆ ಮಾತನಾಡಿದೆ ಎಂಬುದು ದಾರಿಯಲ್ಲಿರುವವರಿಗೆ ತಿಳಿಯಬಹುದು, ಏನು ಕೇಳಿದೆ ಎಂಬುದು ತಿಳಿಯುವುದಿಲ್ಲ. ವೆರಿಸೈನ್‌ಗೆ ತಿಳಿಯುತ್ತದೆ, ಅದಕ್ಕೆ ಉಪಾಯವಿಲ್ಲ.

ಯಾವ ವಿಸ್ತರಣೆಗೆ ಯಾವ ಸರ್ವರ್ ಎಂಬ ಪಟ್ಟಿಯನ್ನು ಇಂಟರ್ನೆಟ್ ಹೆಸರು, ಸಂಖ್ಯೆಗಳ ದಾಖಲೆ ಇಡುವ ಐಯಾನಾ ಪ್ರಕಟಿಸುತ್ತದೆ. ಅದನ್ನು ಇಳಿಸಿಟ್ಟುಕೊಂಡು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಕಡತದಲ್ಲಿ ಸಾಲಿಗೊಂದು ಹೆಸರು; ಪ್ರತಿಯೊಂದಕ್ಕೂ ಸರ್ವರ್‌ಗೆ ಪ್ರಶ್ನೆ ಕಳಿಸುವ ಕರ್ಲ್ ಎಂಬ ಆದೇಶದ ಮೂಲಕ ವಿಚಾರಣೆ; ಉತ್ತರದ ಪಠ್ಯವನ್ನು ಎಸೆದು ಸ್ಥಿತಿ ಸಂಖ್ಯೆಯನ್ನಷ್ಟೇ ಬರೆದಿಡುವುದು. 200 ಬಂದರೆ ಯಾರೋ ಪಡೆದಿದ್ದಾರೆ, 404 ಬಂದರೆ ನೋಂದಣಿಯಾಗಿಲ್ಲ. 429 ಬಂದರೆ ಅವಸರ ಮಾಡುತ್ತಿದ್ದೇನೆ ಎಂದರ್ಥ, ಹಾಗಾಗಿ ಪ್ರತಿ ಪ್ರಶ್ನೆಯ ನಡುವೆ ಕೆಲವು ಸೆಕೆಂಡು ಬಿಡುವು ಕೊಟ್ಟಿದ್ದೇನೆ. ಪಟ್ಟಿಯ ಮೊದಲ ಸಾಲಿನಲ್ಲಿ ಯಾವಾಗಲೂ ಗೂಗಲ್ ಡಾಟ್ ಕಾಮ್ ಇರುತ್ತದೆ. ಅದಕ್ಕೂ 404 ಬಂದರೆ ನಾನು ಕೊಟ್ಟ ಸರ್ವರ್ ವಿಳಾಸವೇ ತಪ್ಪಿದೆ, ಉಳಿದ ಉತ್ತರಗಳನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೋಗಿ ಬಂದು ಮಾಡುವಾಗ ಸೊನ್ನೆಗಳ ಸಾಲೇ ಬರುತ್ತದೆ; ಅದು ಸರ್ವರ್‌ನ ಉತ್ತರವಲ್ಲ, ಕರ್ಲ್‌ಗೆ ಸಂಪರ್ಕ ಸಿಗಲಿಲ್ಲ ಎಂಬ ಸೂಚನೆ.

ಜಾಲತಾಣದ ಹೆಸರಿನಿಂದ ಅದರ ಸರ್ವರ್ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಹುಡುಕಿ ಸಿಗದಿದ್ದರೆ ಖಾಲಿ ಎಂದುಕೊಳ್ಳುವವರಿದ್ದಾರೆ. ಹೆಸರನ್ನು ಕೊಂಡು, ಅದು ಎಲ್ಲಿದೆ ಎಂದು ಡಿಎನ್‌ಎಸ್‌ಗೆ ಹೇಳುವ ನೇಮ್ ಸರ್ವರ್ ಹಾಕದೆ ಬಿಟ್ಟವರು ಎಷ್ಟೋ ಮಂದಿ, ಅಂಥವು ಡಿಎನ್‌ಎಸ್‌ನಲ್ಲಿ ಕಾಣುವುದೇ ಇಲ್ಲ. ಸಾಲದ್ದಕ್ಕೆ ಆ ಪ್ರಶ್ನೆ, ನಮ್ಮ ಪರವಾಗಿ ಡಿಎನ್‌ಎಸ್‌ನಲ್ಲಿ ಹುಡುಕುವ ರಿಸಾಲ್ವರ್ ನಡೆಸುವವರ ಕೈಗೂ ಸಿಗುತ್ತದೆ.

ಯಾರನ್ನೂ ಕೇಳದ ದಾರಿಯೂ ಇದೆ: ಒಂದು ವಿಸ್ತರಣೆಯಲ್ಲಿ ನೇಮ್ ಸರ್ವರ್ ಇರುವ ಹೆಸರುಗಳ ಪಟ್ಟಿಯಾದ ವಲಯ ಕಡತವನ್ನು ಕೊಡುವ ಐಕ್ಯಾನ್‌ನ ಸೇವೆಗೆ ಅರ್ಜಿ ಹಾಕಿ ಡಾಟ್ ಕಾಮ್‌ನ ಕಡತವನ್ನೇ ಇಳಿಸಿಕೊಂಡು ಸ್ವಂತ ಡಿಸ್ಕ್‌ನಲ್ಲಿ ಹುಡುಕುವುದು. ಆದರೆ ನೇಮ್ ಸರ್ವರ್ ಇಲ್ಲದ ಹೆಸರುಗಳು ಅಲ್ಲೂ ಇರುವುದಿಲ್ಲ. ಹೋಮ್‌ಸ್ಟೇ ಹೆಸರಿಗಾಗಿ ಅಷ್ಟು ದೊಡ್ಡ ಕಡತ ಇಳಿಸುವುದು ನನಗಂತೂ ಅತಿಯೆನಿಸಿತು.

200 ಬಂದವುಗಳನ್ನೂ ಒಮ್ಮೆ ತೆರೆದು ನೋಡುತ್ತೇನೆ. ಡಾಟ್ ಕಾಮ್‌ನಲ್ಲಿ ನವೀಕರಿಸದೆ ಅಳಿಸಿದ ಹೆಸರು 30 ದಿನ ಮರುಪಡೆಯುವ ಅವಧಿಯಲ್ಲಿದ್ದು, ಆಮೇಲೆ 5 ದಿನ ಅಳಿಸುವಿಕೆಗೆ ಕಾದು ಬಿಡುಗಡೆಯಾಗುತ್ತದೆ. ಉತ್ತರದಲ್ಲಿ ಆ ಸ್ಥಿತಿ ಬರೆದೇ ಇರುತ್ತದೆ. ಮೂಡಿಗೆರೆ ಕಡೆಯ ತೋಟದವರೊಬ್ಬರಿಗೆ ಇದನ್ನು ಹೇಳಿದಾಗ, “ಅಷ್ಟು ದಿನ ಕಾಯುವುದು ಬೇಡ ಸರ್, ಯು ಇಲ್ಲದ ಹೆಸರೇ ಇರಲಿ” ಎಂದುಬಿಟ್ಟರು.

404 ಬಂದ ಮಾತ್ರಕ್ಕೆ ಸಾಧಾರಣ ಬೆಲೆಗೆ ಸಿಗುತ್ತದೆ ಎಂದೇನಿಲ್ಲ. ಕೆಲವು ವಿಸ್ತರಣೆಗಳಲ್ಲಿ ಕಾಯ್ದಿರಿಸಿದ ಹೆಸರುಗಳೂ ದುಬಾರಿ ಹೆಸರುಗಳೂ ಇರುತ್ತವೆ. ಅದು ತಿಳಿಯಬೇಕಾದರೆ ಅಂಗಡಿಗೆ ಹೋಗಲೇಬೇಕು. ಆದ್ದರಿಂದ ಗಿರಾಕಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವರ ಹೆಸರು ಮತ್ತು ಅವರದೇ ಇಮೇಲ್ ಹಾಕಿ, ಒಂದೇ ಹೆಸರನ್ನು ಹುಡುಕಿ ಆಗಲೇ ಕೊಳ್ಳುತ್ತೇನೆ. ಹಣ ಸಂದಾಯವಾದ ಮೇಲೆ ಸ್ಕ್ರಿಪ್ಟ್ ಅನ್ನು ಮತ್ತೊಮ್ಮೆ ಓಡಿಸಿ, 404 ಇದ್ದಲ್ಲಿ 200 ಬಂದದ್ದನ್ನು ತೋರಿಸಿಯೇ ಬಿಲ್ ಬರೆಯುತ್ತೇನೆ.