ಊರಲ್ಲೊಂದು ಜೇನು ಸಾಕುವವರ ಸಂಘ: ಕಟ್ಟುವುದು, ನಡೆಸುವುದು

ತೋಟದ ಬದಿಯಲ್ಲಿ ಎರಡೋ ಮೂರೋ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆ ಇಟ್ಟುಕೊಂಡವರಿಗೆ ಜೇನುತುಪ್ಪ ತೆಗೆಯುವ ಯಂತ್ರ ಬೇಕಾಗುವುದು ವರ್ಷದಲ್ಲಿ ನಾಲ್ಕೈದು ದಿನ. ಉಳಿದ ದಿನ ಅದು ಅಟ್ಟದಲ್ಲೇ. ಆದರೆ ರಾಣಿ ಕಳೆದುಕೊಂಡ ಕುಟುಂಬಕ್ಕೆ (ಒಂದು ಪೆಟ್ಟಿಗೆಯ ಜೇನುಗಳೆಲ್ಲ ಸೇರಿ ಒಂದು ಕುಟುಂಬ) ಮೊಟ್ಟೆಯಿರುವ ಎರಿಯೊಂದು, ಅಂದರೆ ಮೇಣದ ಹಲ್ಲೆಯೊಂದು ಬೇಕಾದರೆ ಅದು ಈ ವಾರವೇ ಬೇಕು. ಮರಿಗಳು ಸಾಯುತ್ತಿದ್ದರೆ ರೋಗವೋ ಚಳಿಯೋ ಎಂದು ನೋಡಿ ಹೇಳಬಲ್ಲವರೂ ಹತ್ತಿರದಲ್ಲಿರಬೇಕು. ಹವ್ಯಾಸಕ್ಕೆ ಜೇನು ಸಾಕುವವರ ಸಂಘ ಹುಟ್ಟಬೇಕಾದದ್ದು ಈ ಮೂರು ಅಗತ್ಯಗಳಿಂದ. ಬೈಲಾ, ಅಧ್ಯಕ್ಷರು, ರಬ್ಬರ್ ಸ್ಟಾಂಪು ಇವೆಲ್ಲ ಆಮೇಲೆ.

ಇಲ್ಲಿ ಹೇಳಿರುವುದು ಕರಾವಳಿ ಮತ್ತು ಮಲೆನಾಡಿನ ತುಡುವೆ ಸಾಕಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಬಯಲುಸೀಮೆಯವರು ಹೂವಿನ ಕಾಲವನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬೇಕು.

ಎಷ್ಟು ಮನೆ, ಎಷ್ಟು ದೂರ

ಹತ್ತರಿಂದ ಹದಿನೈದು ಮನೆ ಸಾಕು. ಎಲ್ಲರೂ ಐದಾರು ಕಿಲೋಮೀಟರಿನೊಳಗೆ ಇರಬೇಕು, ಏಕೆಂದರೆ ಕರೆ ಬಂದ ಸಂಜೆಯೇ ಸ್ಕೂಟರಿನಲ್ಲಿ ಹೋಗಿ ಕತ್ತಲಾಗುವ ಮುಂಚೆ ಕೆಲಸ ಮುಗಿಸಲು ಆಗಬೇಕು. ತಾಲ್ಲೂಕಿಗೆಲ್ಲ ಒಂದೇ ಸಂಘವಾದರೆ ಸಭೆ ಚೆನ್ನಾಗಿ ನಡೆಯುತ್ತದೆ, ಪೆಟ್ಟಿಗೆ ನೋಡಲು ಯಾರೂ ಬರುವುದಿಲ್ಲ. ಹೊಸಬರಿಗೆ ಒಂದೇ ಪೆಟ್ಟಿಗೆ ಕೊಡಬೇಡಿ, ಎರಡು ಇಡಿಸಿ. ಹೋಲಿಸಿ ನೋಡಲು ಇನ್ನೊಂದಿದ್ದರೆ ಮಾತ್ರ ದುರ್ಬಲ ಕುಟುಂಬ ದುರ್ಬಲವೆಂದು ಗೊತ್ತಾಗುತ್ತದೆ.

ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ಅಥವಾ ತೋಟಗಾರಿಕೆ ಇಲಾಖೆಯ ನೆರವು ಬೇಕೆನ್ನುವಾಗ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ತುಪ್ಪವನ್ನು ಒಟ್ಟಿಗೆ ಕೊಂಡು ಮಾರುವ ಯೋಚನೆಯಿದ್ದರೆ ಸಹಕಾರಿ ಸಂಘದ ದಾರಿ ಸರಿ. ವಿರಾಜಪೇಟೆಯಲ್ಲಿ 1936ರಲ್ಲೇ ಇಂಥದ್ದು ಶುರುವಾಗಿತ್ತು, ಪುತ್ತೂರಿನಲ್ಲೂ ಜೇನು ವ್ಯವಸಾಯಗಾರರ ಸಹಕಾರಿ ಸಂಘವಿದೆ. ಆದರೆ ವ್ಯಾಪಾರ ಬೇರೆ, ಹವ್ಯಾಸಿಗಳ ಆಸರೆ ಬೇರೆ. ಮೊದಲ ಎರಡು ವರ್ಷ ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳಬೇಡಿ.

ಮೊದಲ ನಿಯಮ: ಎಲ್ಲರದ್ದೂ ಒಂದೇ ಅಳತೆಯ ಪೆಟ್ಟಿಗೆ

ಇದನ್ನು ಬಿಟ್ಟುಕೊಟ್ಟರೆ ಉಳಿದದ್ದೆಲ್ಲ ವ್ಯರ್ಥ. ನ್ಯೂಟನ್ ಎಂಬ ಮಾದರಿಯ ಪೆಟ್ಟಿಗೆಯೂ ಇದೆ, ಎಂಟು ಚೌಕಟ್ಟಿನ (ಎರಿ ಕಟ್ಟಲು ಒಳಗೆ ಇಳಿಬಿಡುವ ಮರದ ಚೌಕಟ್ಟು) ಐಎಸ್‌ಐ ಅಳತೆಯ ಪೆಟ್ಟಿಗೆಯೂ ಇದೆ. ಯಾವುದಾದರೂ ಆಗಬಹುದು, ಆದರೆ ಒಂದೇ ಇರಬೇಕು. ಅಳತೆ ಬೇರೆಯಾದರೆ ಒಬ್ಬರ ಎರಿ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಆಗ ಸಂಘವಿದ್ದೂ ಪ್ರಯೋಜನವಿಲ್ಲ.

ಬಡಗಿಗೆ ಕಾಗದದ ಚಿತ್ರ ಕೊಡಬೇಡಿ, ಸರಿಯಾಗಿರುವ ಒಂದು ಖಾಲಿ ಪೆಟ್ಟಿಗೆ ಮತ್ತು ಚೌಕಟ್ಟನ್ನೇ ಮಾದರಿಯಾಗಿ ಕೊಡಿ. ಚೌಕಟ್ಟಿನ ಬದಿಕಡ್ಡಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸುಮಾರು 8 ಮಿ.ಮೀ. ಇರಬೇಕು. ಹೆಚ್ಚಾದರೆ ಅಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ, ಎತ್ತುವಾಗ ಹರಿದು ಮರಿ, ತುಪ್ಪ ಸುರಿಯುತ್ತದೆ. ಕಡಿಮೆಯಾದರೆ ಜೇನು ಓಡಾಡಲಾರದೆ ಆ ಬದಿಯ ಎರಿಯನ್ನು ಕಾಯುವುದಿಲ್ಲ, ಎರಿ ತಿನ್ನುವ ಮೇಣದ ಹುಳು ಅಲ್ಲಿಂದಲೇ ಹೊಗುತ್ತದೆ. ಹಸಿ ಮರ ಬಳಸಿದರೆ ಬೇಸಿಗೆಯಲ್ಲಿ ಕುಗ್ಗಿ ಅಳತೆ ಕೆಡುತ್ತದೆ. ಹೊರಗೆ ಬಣ್ಣ ಬಳಿಯಿರಿ, ಒಳಗೆ ಬೇಡ. ಪ್ರತಿ ಪೆಟ್ಟಿಗೆಗೂ ಸಂಘದ ಸಂಖ್ಯೆ ಬರೆಯಿರಿ.

ಹಂಚಿಕೊಳ್ಳುವ ಸಾಮಾನು

ಕೈಯಲ್ಲಿ ತಿರುಗಿಸುವ, ನಾಲ್ಕು ಚೌಕಟ್ಟು ಹಿಡಿಸುವ ಸ್ಟೇನ್‌ಲೆಸ್ ಸ್ಟೀಲಿನ ಯಂತ್ರವೊಂದು. ಸತು ಲೇಪಿಸಿದ ತಗಡಿನದ್ದು ಅಗ್ಗ, ಆದರೆ ತುಪ್ಪದ ಹುಳಿಗೆ ಸತು ಕರಗುತ್ತದೆ. ಜೊತೆಗೆ ತೇವಾಂಶ ಅಳೆಯುವ ರಿಫ್ರಾಕ್ಟೋಮೀಟರ್, ಎರಡು ಹೊಗೆ ತಿದಿ, ಮುಖಗವಸು, ರಾಣಿ ಪಂಜರ ನಾಲ್ಕು, ಕೆಲಸಗಾರ ಜೇನನ್ನು ಬಿಟ್ಟು ರಾಣಿಯನ್ನು ಮಾತ್ರ ತಡೆಯುವ ರಾಣಿ ತಡೆ ಗೇಟು ಕೆಲವು, ಖಾಲಿ ಪೆಟ್ಟಿಗೆ ಎರಡು.

ಯಂತ್ರ ಕೊಂಡೊಯ್ದವರು ತೊಳೆದು ಒಣಗಿಸಿಯೇ ಕೊಡಬೇಕು. ಮೊದಲು ತಣ್ಣೀರಿನಲ್ಲಿ ತೊಳೆದು ಮೇಣದ ಚೂರು ತೆಗೆದು, ಆಮೇಲೆ ಬಿಸಿನೀರು. ನೇರ ಬಿಸಿನೀರು ಹಾಕಿದರೆ ಮೇಣ ಕರಗಿ ಜಾಲರಿಗೆಲ್ಲ ಮೆತ್ತಿಕೊಂಡು ಬಿಡುತ್ತದೆ, ಆಮೇಲೆ ತಿಕ್ಕುವವರ ಬೈಗುಳ ತಪ್ಪಿದ್ದಲ್ಲ. ತುಪ್ಪ ಅಂಟಿದ ಯಂತ್ರವನ್ನು ಜಗಲಿಯಲ್ಲಿಟ್ಟರೆ ಸುತ್ತಲಿನ ಜೇನೆಲ್ಲ ಮುತ್ತಿ, ಕೊನೆಗೆ ದುರ್ಬಲ ಪೆಟ್ಟಿಗೆಗಳ ದರೋಡೆಗೆ ತಿರುಗುತ್ತದೆ. ರೋಗ ಹರಡುವ ದಾರಿಯೂ ಅದೇ.

ಮಳೆಗಾಲದ ಸಕ್ಕರೆ ಲೆಕ್ಕ

ಹೆಚ್ಚಿನ ಹವ್ಯಾಸಿಗಳ ಕುಟುಂಬ ಹಾರಿಹೋಗುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಕಾರಣ ಹಸಿವು. ಒಂದು ಕಿಲೋ ಸಕ್ಕರೆ, ಒಂದು ಲೀಟರ್ ನೀರು ಕುದಿಸಿ ಆರಿಸಿದರೆ ಸುಮಾರು 1.6 ಲೀಟರ್ ಪಾಕವಾಗುತ್ತದೆ. ವಾರಕ್ಕೆ ಪೆಟ್ಟಿಗೆಗೆ 200 ಮಿ.ಲೀ. ಎಂದರೆ ಎಂಟು ಪೆಟ್ಟಿಗೆಗೆ ಸಾಕು. ಸಂಘದಲ್ಲಿ 30 ಪೆಟ್ಟಿಗೆಗಳಿದ್ದರೆ ವಾರಕ್ಕೆ ನಾಲ್ಕು ಕಿಲೋದಷ್ಟು, ಮಳೆಗಾಲಕ್ಕೆಲ್ಲ 65 ಕಿಲೋ ಸಕ್ಕರೆ. ಮೇ ತಿಂಗಳಲ್ಲೇ ಒಟ್ಟಿಗೆ ಕೊಂಡು ಹಂಚಿ. ಬೆಲ್ಲ ಬೇಡ, ಜೇನಿಗೆ ಭೇದಿಯಾಗುತ್ತದೆ.

ಪಾಕವನ್ನು ಕತ್ತಲಾಗುವ ಹೊತ್ತಿಗೆ, ಪೆಟ್ಟಿಗೆಯ ಒಳಗೇ, ತೆಂಗಿನ ಗರಟೆಯಲ್ಲಿಟ್ಟು ಮೇಲೆ ಒಣಕಡ್ಡಿ ಹಾಕಿ. ಕಡ್ಡಿಯಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಒಂದೇ ಜಾಗದ ಎಲ್ಲ ಪೆಟ್ಟಿಗೆಗೂ ಅದೇ ದಿನ ಕೊಡಿ. ಪೆಟ್ಟಿಗೆ ಕೂರಿಸಿದ ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ ನೀರು ಆರದಂತೆ ನೋಡಿ, ಎಲೆ ಬಿದ್ದು ಸೇತುವೆಯಾದರೂ ಇರುವೆ ಹತ್ತುತ್ತದೆ. ಖಾಲಿಯಾದ ಹಳೆ ಎರಿಗಳನ್ನು ಹೊರಗೆ ತೆಗೆಯಿರಿ. ಜೇನು ಆವರಿಸಿ ಕೂರದ ಎರಿ ಮೇಣದ ಹುಳುವಿನ ಪಾಲು.

ಮರಿ ಸಾಯುತ್ತಿದ್ದರೆ

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದವು. ಅದು ಹೋಗಿಲ್ಲ, ಆಗಾಗ ತಲೆ ಎತ್ತುತ್ತಲೇ ಇದೆ. ಸಂಘದ ಪ್ರತಿಯೊಬ್ಬರಿಗೂ ಇದನ್ನು ಗುರುತಿಸಲು ಬರಬೇಕು.

ಕೋಶ ಮುಚ್ಚುವ ಹೊತ್ತಿನ ದೊಡ್ಡ ಮರಿ ಉದ್ದಕ್ಕೆ ಚಾಚಿ, ತಲೆ ಮೇಲೆತ್ತಿ ದೋಣಿಯಂತೆ ಸತ್ತಿರುತ್ತದೆ. ಬೆಂಕಿಕಡ್ಡಿಯಿಂದ ಎತ್ತಿದರೆ ಇಡೀ ಮರಿ ಚೀಲದ ಹಾಗೆ ಹೊರಬರುತ್ತದೆ, ಚೀಲದ ತುದಿಯಲ್ಲಿ ನೀರು ನಿಂತಿರುತ್ತದೆ. ಸುರುಳಿಯಾಗಿರುವ ಎಳೆ ಮರಿಗಳೇ ಸತ್ತು ಹುಳಿ ವಾಸನೆ ಬಂದರೆ ಅದು ಬೇರೆ, ಬ್ಯಾಕ್ಟೀರಿಯಾದ ರೋಗ. ಎರಿಯ ಅಂಚಿನಲ್ಲಿ ಎಳೆಯದು, ಬಲಿತದ್ದು ಎಲ್ಲ ಒಟ್ಟಿಗೆ ಸತ್ತಿದ್ದರೆ ಚಳಿ. ಜೇನು ಕಡಿಮೆಯಿದ್ದು ಎರಿ ಹೆಚ್ಚಾಗಿದೆ ಎಂದರ್ಥ. ಗಂಡು ಜೇನಿನ ಕೋಶದ ಮುಚ್ಚಳದಲ್ಲಿ ನಡುವೆ ಸಣ್ಣ ತೂತಿರುವುದು ತುಡುವೆಯಲ್ಲಿ ಸಹಜ. ಹೊಸಬರು ಅದನ್ನೇ ರೋಗವೆಂದು ಹೆದರುತ್ತಾರೆ.

ಸ್ಯಾಕ್‌ಬ್ರೂಡ್ ಎಂದು ಖಚಿತವಾದರೆ ಆ ದಿನದಿಂದಲೇ ಆ ಮನೆಯಿಂದ ಎರಿ, ಕುಟುಂಬ, ಪೆಟ್ಟಿಗೆ ಯಾವುದೂ ಹೊರಹೋಗಕೂಡದು. ರಾಣಿಯನ್ನು ಎರಡು ಮೂರು ವಾರ ಪಂಜರದಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಿ. ಆಗ ಮೊಟ್ಟೆ ನಿಲ್ಲುತ್ತದೆ, ಮರಿಯಿಲ್ಲದಿದ್ದರೆ ವೈರಸ್ಸಿಗೆ ಬೆಳೆಯಲು ಜಾಗವಿಲ್ಲ. ಕೆಟ್ಟ ಎರಿ ಸುಟ್ಟುಹಾಕಿ, ಉಳಿದ ಎರಿಗಳನ್ನು ಜೇನಿಗೆ ಮುಚ್ಚಲು ಆಗುವಷ್ಟಕ್ಕೆ ಇಳಿಸಿ, ಪಾಕ ಕೊಡಿ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ, ತುಪ್ಪದಲ್ಲಿ ಉಳಿಯುವುದೊಂದೇ ಲಾಭ. ತಾನಾಗಿ ಚೇತರಿಸಿಕೊಂಡ ಕುಟುಂಬ ಯಾರದ್ದೆಂದು ಸಂಘದ ಪುಸ್ತಕದಲ್ಲಿ ಬರೆದಿಡಿ. ಮುಂದೆ ಪಾಲು ಮಾಡಿ ಹೊಸ ಕುಟುಂಬ ಎಬ್ಬಿಸಬೇಕಾದದ್ದು ಅದರಿಂದ.

ರೋಗವನ್ನು ಮುಚ್ಚಿಡುವುದು ಸಂಘಗಳಲ್ಲಿ ಸಾಮಾನ್ಯ. ಮರ್ಯಾದೆಯ ಪ್ರಶ್ನೆಯೆಂದು ತಿಳಿಯುತ್ತಾರೆ. ಹೇಳಿದವರಿಗೆ ಖಾಲಿಯಾದ ಪೆಟ್ಟಿಗೆಗೆ ಬದಲು ಒಂದು ಕುಟುಂಬ ಉಚಿತವೆಂದು ನಿಯಮ ಮಾಡಿದರೆ ಬಾಯಿ ತಾನೇ ಬಿಡುತ್ತಾರೆ.

ಕುಟುಂಬ ಹಿಡಿಯುವುದು, ಎರಿ ಕಟ್ಟುವುದು

ಮಳೆ ಬಿಟ್ಟು ಹೂ ಶುರುವಾದ ಮೇಲೆ, ನವೆಂಬರ್‌ನಿಂದ ಜನವರಿವರೆಗೆ ಜೇನು ಕುಟುಂಬ ಒಡೆದು ಪಾಲಾಗುವ ಕಾಲ. ಒಳಗೆ ಮೇಣ ಸವರಿದ ಹಳೆ ಪೆಟ್ಟಿಗೆ ಅಥವಾ ಮಡಕೆಯನ್ನು ನೆರಳಿನ ಮರಕ್ಕೆ ಕಟ್ಟಿಡಿ. ಗೋಡೆ, ಹುತ್ತ, ಪೊಟರೆಯಿಂದ ಕುಟುಂಬ ತೆಗೆಯುವುದಾದರೆ ಸಂಜೆ ಹೊತ್ತು ಇಬ್ಬರು ಹೋಗಿ. ಮರಿಯಿರುವ ಎರಿಯನ್ನಷ್ಟೇ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಬೇಕು, ಮೇಲ್ಭಾಗ ಮೇಲೆಯೇ ಇರಬೇಕು. ತುಪ್ಪದ ಎರಿ ಕಟ್ಟಿದರೆ ಭಾರಕ್ಕೆ ಕಳಚಿ ಬೀಳುತ್ತದೆ, ಇರುವೆಯನ್ನೂ ಕರೆಯುತ್ತದೆ.

ರಾಣಿ ತಡೆ ಗೇಟನ್ನು ಮೂರು ನಾಲ್ಕು ದಿನ ಹಾಕಿ. ಪರಾಗ ಹೊತ್ತು ಬರತೊಡಗಿದರೆ ನೆಲೆನಿಂತಿತೆಂದು ತಿಳಿದು ತೆಗೆಯಿರಿ. ಆದರೆ ರಾಣಿ ಹೊಸದಾಗಿ ಹುಟ್ಟಿದ್ದರೆ ಗೇಟು ಹಾಕಲೇಬೇಡಿ. ಅವಳು ಮಿಲನಕ್ಕೆ ಹೊರಗೆ ಹಾರಲೇಬೇಕು. ತಡೆದರೆ ಮೊಟ್ಟೆಯಿಲ್ಲ, ಕುಟುಂಬವಿಲ್ಲ. ರಾಣಿಯೇ ಇಲ್ಲವಾದರೆ ಒಂದೆರಡು ವಾರದಲ್ಲಿ ಕೆಲಸಗಾರ ಜೇನುಗಳೇ ಮೊಟ್ಟೆಯಿಡುತ್ತವೆ, ಹುಟ್ಟುವುದೆಲ್ಲ ಗಂಡು. ಅಷ್ಟರೊಳಗೆ ನೆರೆಯವರ ಆರೋಗ್ಯವಂತ ಪೆಟ್ಟಿಗೆಯಿಂದ, ಹೊಸ ರಾಣಿ ಬೆಳೆಸಿಕೊಳ್ಳಲು ಮೊಟ್ಟೆಯ ಎರಿ ತಂದುಕೊಡುವುದೇ ಸಂಘದ ನಿಜವಾದ ಸಹಾಯ.

ತುಪ್ಪ ತೆಗೆಯುವ ಸರದಿ

ರಬ್ಬರ್ ಚಿಗುರುವ ಕಡೆ ಜನವರಿಯಿಂದಲೇ ತುಪ್ಪ. ಕಾಡಿನ ನೇರಳೆ, ಮತ್ತಿ ಹೂಬಿಡುವ ಕಡೆ ಮೇ ವರೆಗೂ. ಸರದಿಯನ್ನು ಮನೆಗಳ ಅನುಕೂಲಕ್ಕಲ್ಲ, ಎರಿ ನೋಡಿ ಹಾಕಿ. ಮುಕ್ಕಾಲು ಪಾಲು ಕೋಶಕ್ಕೆ ಜೇನು ಮೇಣದ ಮುಚ್ಚಳ ಹಾಕಿದ್ದರೆ ಮಾತ್ರ ಯಂತ್ರ ಕಳಿಸಿ. ಮರಿಗಳಿರುವ ಕೆಳಗಿನ ಕೋಣೆಯ ತುಪ್ಪ ಮುಟ್ಟಬೇಡಿ. ನಿಧಾನ ತಿರುಗಿಸಿ, ಒಂದು ಬದಿ ಅರ್ಧ ಇಳಿದ ಮೇಲೆ ಮಗುಚಿ. ಒಮ್ಮೆಲೇ ಜೋರು ಮಾಡಿದರೆ ಎಳೆ ಎರಿ ಮುರಿಯುತ್ತದೆ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಜೇನುತುಪ್ಪದ ತೇವಾಂಶ 20% ಮೀರಬಾರದು. ಕರಾವಳಿಯ ತುಡುವೆ ತುಪ್ಪ ಇದನ್ನು ಸುಲಭವಾಗಿ ಮೀರುತ್ತದೆ, ಮೀರಿದ್ದು ಕೆಲವೇ ತಿಂಗಳಲ್ಲಿ ಹುಳಿತು ನೊರೆಯೇಳುತ್ತದೆ. ಪ್ರತಿ ಮನೆಯ ತುಪ್ಪವನ್ನೂ ಬೇರೆ ಬೇರೆ ಅಳೆಯಿರಿ, ಅಳೆಯದೆ ಒಂದೇ ಡ್ರಮ್ಮಿಗೆ ಸುರಿಯಬೇಡಿ. ಒಬ್ಬರ ಹಸಿ ತುಪ್ಪ ಎಲ್ಲರದ್ದನ್ನೂ ಕೆಡಿಸುತ್ತದೆ. ಹೆಚ್ಚಿದ್ದರೆ ಮನೆಬಳಕೆಗೆ ಇಟ್ಟುಕೊಳ್ಳಲಿ. ನೇರ ಬೆಂಕಿಯ ಮೇಲೆ ಕಾಯಿಸಿ ಗಟ್ಟಿ ಮಾಡುವುದು ಬಣ್ಣ, ಪರಿಮಳ ಎರಡನ್ನೂ ಕೊಲ್ಲುತ್ತದೆ. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ನೆರೆಹೊರೆ

ಗೇರು ಚಿಗುರು, ಹೂ ಬಿಡುವಾಗ ಚಿಗುರಿನ ರಸ ಹೀರುವ ಟೀ ಸೊಳ್ಳೆಗೆ ಕೀಟನಾಶಕ ಹೊಡೆಯುತ್ತಾರೆ. ಅದೇ ಹೊತ್ತಿಗೆ ಜೇನು ಬೆಳೆಯುವ ಕಾಲವೂ ಹೌದು. ನವೆಂಬರ್ ಮುಂಚೆಯೇ ಒಂದು ಕಿಲೋಮೀಟರ್ ಸುತ್ತಲಿನ ತೋಟದವರ ಮನೆಗೆ ಹೋಗಿ, ಸಿಂಪರಣೆ ಸಂಜೆ ಜೇನು ಗೂಡು ಸೇರಿದ ಮೇಲೆ ಮಾಡುವಂತೆ, ಹಿಂದಿನ ದಿನ ತಿಳಿಸುವಂತೆ ಕೇಳಿಕೊಳ್ಳಿ. ಹೋಗುವಾಗ ಕಾಲು ಕಿಲೋ ತುಪ್ಪ ಒಯ್ದರೆ ಮಾತು ಬೇಗ ಮುಗಿಯುತ್ತದೆ. ಹಗಲಲ್ಲೇ ಹೊಡೆಯುವುದಾದರೆ ಆ ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಬಿಗಿದು ನೆರಳು ಮಾಡಿ. ಒಂದು ದಿನಕ್ಕಿಂತ ಹೆಚ್ಚು ಮುಚ್ಚಿಟ್ಟರೆ ಒಳಗೇ ಬೆಂದುಹೋಗುತ್ತವೆ.

ಹೆಜ್ಜೇನು ಕಟ್ಟಿದೆ, ತೆಗೆದುಕೊಡಿ ಎಂಬ ಕರೆಗಳೂ ಸಂಘಕ್ಕೇ ಬರುತ್ತವೆ. ಅದು ತುಡುವೆಯಲ್ಲ, ಹವ್ಯಾಸಿಗಳ ಕೆಲಸವೂ ಅಲ್ಲ. ಕೆಲವು ತಿಂಗಳಲ್ಲಿ ತಾನೇ ಎದ್ದುಹೋಗುತ್ತದೆಂದು ತಿಳಿಸಿ, ಕಲ್ಲು, ಹೊಗೆ, ಪಟಾಕಿ ಬೇಡವೆನ್ನಿ. ಕಚ್ಚಿಸಿಕೊಂಡವರ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಉಸಿರು ಕಟ್ಟುವುದು, ತುಟಿ ಊದುವುದು, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆ. ಸದಸ್ಯರಲ್ಲಿ ಯಾರಿಗೆ ಅಲರ್ಜಿಯಿದೆ ಎಂಬುದು ಪುಸ್ತಕದ ಮೊದಲ ಪುಟದಲ್ಲಿರಲಿ.

ಶಾಲೆಗೆ ತೋರಿಸಲು ತುಡುವೆ ಪೆಟ್ಟಿಗೆ ಒಯ್ಯಬೇಡಿ. ಮುಜಂಟಿ ಎಂಬ ಪುಟ್ಟ ಜೇನು ಸಾಕು, ಉತ್ತರ ಕನ್ನಡದವರು ಮಿಸ್ರಿ ಜೇನು ಎನ್ನುವುದು ಇದನ್ನೇ. ಅದಕ್ಕೆ ಚುಚ್ಚುವ ಮುಳ್ಳಿಲ್ಲ. ಮುಚ್ಚಳದ ಕೆಳಗೆ ಗಾಜು ಹಾಕಿದ ಪೆಟ್ಟಿಗೆಯನ್ನು ಹಿಂದಿನ ರಾತ್ರಿ ಬಾಗಿಲು ಮುಚ್ಚಿ ಒಯ್ದು, ಸಂಜೆ ಅದೇ ಜಾಗಕ್ಕೆ ತಂದಿಟ್ಟು ಬಾಗಿಲು ತೆರೆಯಿರಿ. ಒಂದಡಿ ಆಚೀಚೆ ಇಡಬೇಡಿ.